ಅಜ್ಜಿ ಸಾಕಿದ ಹುಡುಗಿಗೆ ಹದಿನೆಂಟು ತುಂಬಿದಾಗ

ತಾಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು ನಾನು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳನ್ನು ನನ್ನಲ್ಲಿಗೆ ಕರೆತರುವವರು ಹೆಚ್ಚಾಗಿ ಅಜ್ಜಿಯರು, ಸೋದರಮಾವಂದಿರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಒಳಗೆ ಮರಣ ಪ್ರಮಾಣಪತ್ರಗಳು, ಪಡಿತರ ಚೀಟಿ, ಮಾಸಿದ ಆಧಾರ್.

ಮೊಮ್ಮಗಳಿಗೆ ಸರ್ಕಾರದ ನೆರವು ಕೇಳಲು ಬಂದ ಚನ್ನಗಿರಿ ಕಡೆಯ ಒಬ್ಬ ಅಜ್ಜಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರು. ಚೊಗರು ಹಿಡಿದು ಕಪ್ಪಾದ, ಗೆರೆ ಸವೆದ ಅವರ ಹೆಬ್ಬೆಟ್ಟನ್ನು ಯಂತ್ರ ಒಪ್ಪಲೇ ಇಲ್ಲ. ನಿಂಬೆಹಣ್ಣು ತಿಕ್ಕಿ, ಒರೆಸಿ, ಮತ್ತೆ ಒತ್ತಿಸಿದೆ. ಹೋಗಲಿ, ಒಟಿಪಿ ತರಿಸೋಣವೆಂದರೆ ಆಧಾರ್‌ಗೆ ಜೋಡಿಸಿದ್ದು ತೀರಿಕೊಂಡ ಮಗನ ನಂಬರು. ಕೊನೆಗೆ ಆಧಾರ್ ಕೇಂದ್ರದಲ್ಲಿ ಕಣ್ಣಿನ ಗುರುತು ಕೊಟ್ಟು ನಂಬರು ಬದಲಾಯಿಸಿದ ಮೇಲೆಯೇ ಕೆಲಸ ಮುಂದೆ ಸಾಗಿದ್ದು.

ಮಕ್ಕಳ ರಕ್ಷಣೆಗೆಂದು ಇರುವ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆ ಹೆಸರು ಕೇಳಿದೊಡನೆ ಅಜ್ಜಿ, "ಮೊಮ್ಮಗಳನ್ನು ಕರೆದುಕೊಂಡು ಹೋಗಿಬಿಡುತ್ತಾರೇನಪ್ಪಾ?" ಎಂದು ಚೀಲ ಹಿಂದಕ್ಕೆ ಎಳೆದುಕೊಂಡರು. ಇಲ್ಲಮ್ಮ, ಮಗು ನಿಮ್ಮ ಮನೆಯಲ್ಲೇ ಇದ್ದು ಓದಲಿ ಎಂದೇ ಈ ಹಣ ಎಂದು ಬಿಡಿಸಿ ಹೇಳಬೇಕಾಯಿತು. ಈ ಹೆದರಿಕೆಯಿಂದಲೇ ಅರ್ಜಿ ಹಾಕದವರು ಎಷ್ಟೋ ಮಂದಿ.

ಪುಸ್ತಕ, ಬ್ಯಾಗು ಕೊಟ್ಟು ಫೋಟೊ ತೆಗೆಸಿಕೊಳ್ಳುವವರ ಮೇಲೆ ನನಗೇನೂ ಕೋಪವಿಲ್ಲ. ಆದರೆ ಜಿಲ್ಲಾ ಕೇಂದ್ರಕ್ಕೆ ಹೋದ ದಿನ ಅಜ್ಜಿಯ ಕೂಲಿ ಹೋಗುತ್ತದೆ. ಆ ಕೂಲಿಯನ್ನು ಕೊಟ್ಟು, ಜೊತೆಗೊಬ್ಬರು ಹೋದರೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕಿಲ್ಲ.

ನನ್ನ ತಕರಾರು ಬೇರೆ ಇದೆ. ತಿಂಗಳ ಈ ನಾಲ್ಕು ಸಾವಿರದ ನೆರವು ಹದಿನೆಂಟಕ್ಕೆ ನಿಲ್ಲುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮು ಆ ವಯಸ್ಸಿನ ನಂತರವೂ ಧನಸಹಾಯಕ್ಕೆ ಅವಕಾಶ ಕೊಡುತ್ತದೆ, ಆದರೆ ಅದು ಪಾಲನಾ ಸಂಸ್ಥೆಯಿಂದ ಹೊರಬರುವವರಿಗೆ. ಸಂಸ್ಥೆಗೆ ಕಳಿಸದೆ ಅಡಿಕೆ ಸುಲಿದು ಸಾಕಿದ್ದೇ ತಪ್ಪಾಯಿತೇ?

ಹುಡುಗಿಗೆ ಜನವರಿಯಲ್ಲಿ ಹದಿನೆಂಟು ತುಂಬಿತು. ದ್ವಿತೀಯ ಪಿಯು ಪರೀಕ್ಷೆ ಇನ್ನೂ ಮುಂದಿದೆ. ಆಮೇಲೆ ನರ್ಸಿಂಗ್ ಓದುವ ಆಸೆ. ಮೊದಲ ವರ್ಷದ ಶುಲ್ಕ ತಾನು ಕಟ್ಟುವುದಾಗಿ ಸೋದರಮಾವ ಹೇಳಿದ್ದಾರೆ. ಆಟೊ ಓಡಿಸುವವರು, ಅವರಿಗೂ ಓದುವ ಇಬ್ಬರು ಮಕ್ಕಳಿದ್ದಾರೆ. ಎರಡನೆಯ ವರ್ಷದ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವಿದ್ಯಾರ್ಥಿನಿಲಯದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಎರಡಕ್ಕೂ ಬೇಕಾದ ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ ಎಂದು ಕಳಿಸಿದ್ದೇನೆ.