ತರನಾಕಿಯ ರಗ್ಬಿ ನೋಡಲು ಹೊರಟವರಿಗೆ

ನ್ಯೂಜಿಲೆಂಡ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಆಕ್ಲೆಂಡ್, ಕ್ವೀನ್ಸ್‌ಟೌನ್ ಸುತ್ತಿ ಮರಳುತ್ತಾರೆ. ನಿಮ್ಮ ಪ್ರವಾಸ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಇದ್ದರೆ ನ್ಯೂ ಪ್ಲಿಮತ್‌ಗೆಂದೇ ಎರಡು ದಿನ ತೆಗೆದಿಡಿ. ತರನಾಕಿ ಪ್ರಾಂತ್ಯದ ರಗ್ಬಿ ತಂಡ ಅಲ್ಲಿ ಆಡುವುದು ಆ ತಿಂಗಳುಗಳಲ್ಲೇ. ಆಕ್ಲೆಂಡ್‌ನಿಂದ ವಿಮಾನದಲ್ಲಿ ಒಂದು ಗಂಟೆಯೂ ಬೇಕಿಲ್ಲ. ಕಾರಿನಲ್ಲಾದರೆ ಸುಮಾರು 360 ಕಿ.ಮೀ.; ಮೌಂಟ್ ಮೆಸೆಂಜರ್‌ನ ತಿರುವುಗಳನ್ನು ಕತ್ತಲಾಗುವ ಮೊದಲೇ ದಾಟಿಬಿಡಿ.

ಯ್ಯಾರೋ ಸ್ಟೇಡಿಯಂ ಎಂದೇ ಹೆಸರಾದ, ತಂಡದ ತವರು ಮೈದಾನದಲ್ಲಿ 2011ರ ರಗ್ಬಿ ವಿಶ್ವಕಪ್ ಪಂದ್ಯಗಳೂ ನಡೆದಿದ್ದವು. ಆಮೇಲೆ ಬಂತು ಸಂಕಷ್ಟ. 2017ರ ಕೊನೆಗೆ ಪಶ್ಚಿಮದ ಸ್ಟ್ಯಾಂಡ್, ಮರುವರ್ಷ ಪೂರ್ವದ ಸ್ಟ್ಯಾಂಡ್ ಭೂಕಂಪ ತಾಳಲಾರವೆಂದು ಗೊತ್ತಾಗಿ ಎರಡಕ್ಕೂ ಬೀಗ ಬಿತ್ತು. ಹೊಸ ಕಟ್ಟಡಕ್ಕೆ ಇರಬೇಕಾದ ಬಲದಲ್ಲಿ ಶೇ 34ರಷ್ಟೂ ಇಲ್ಲದ ಕಟ್ಟಡವನ್ನು ಅಲ್ಲಿನ ಕಾನೂನು ಅಪಾಯದ ಪಟ್ಟಿಗೆ ಸೇರಿಸುತ್ತದೆ. ತಂಡ ಕೆಲಕಾಲ ಸಮೀಪದ ಇಂಗಲ್‌ವುಡ್ ಎಂಬ ಪುಟ್ಟ ಪಟ್ಟಣಕ್ಕೆ ಹೋಗಿ ಆಡಿತು. 2020ರಲ್ಲಿ ಕ್ಯಾಂಟರ್ಬರಿಯಿಂದ ಗೆದ್ದು ತಂದ ರ್‍ಯಾನ್‌ಫರ್ಲಿ ಶೀಲ್ಡ್ (ಪ್ರಾಂತ್ಯಗಳ ತಂಡಗಳು ಸವಾಲು ಹಾಕಿ ಗೆಲ್ಲುವ ಟ್ರೋಫಿ) ಒಟಾಗೊ ತಂಡದ ಪಾಲಾದದ್ದು ಅಲ್ಲಿಯೇ.

ಸುಮಾರು ಒಂದೂಕಾಲು ಲಕ್ಷ ಜನರ ಪ್ರಾಂತ್ಯ ಅದು. ದುರಸ್ತಿಗೆ ತೆರಿಗೆ ಹಣ ಸುರಿಯಬೇಕೇ ಎಂದು ಊರಲ್ಲಿ ವಾದ ನಡೆದದ್ದು ಸಹಜ. ಬೀಗ ಹಾಕಿದ್ದಂತೂ ಸರಿ ಎಂದೇ ನನ್ನ ಅಭಿಪ್ರಾಯ. 2011ರ ಭೂಕಂಪದಲ್ಲಿ ಜಖಂಗೊಂಡ ಕ್ರೈಸ್ಟ್‌ಚರ್ಚ್‌ನ ಲ್ಯಾಂಕಾಸ್ಟರ್ ಪಾರ್ಕ್ ಕ್ರೀಡಾಂಗಣವನ್ನು ಕೊನೆಗೆ ಕೆಡವಬೇಕಾಯಿತು. ನ್ಯೂ ಪ್ಲಿಮತ್‌ನಲ್ಲಿ ಪಶ್ಚಿಮದ ಸ್ಟ್ಯಾಂಡನ್ನು ಬಲಪಡಿಸಿ ಉಳಿಸಿಕೊಂಡರು, ಪೂರ್ವದ್ದನ್ನು ನೆಲಸಮ ಮಾಡಿದರು. 2023ರ ಪ್ರಾಂತೀಯ ರಗ್ಬಿ ಟೂರ್ನಿಯ ಫೈನಲ್‌ನಲ್ಲಿ ಹಾಕ್ಸ್ ಬೇ ತಂಡವನ್ನು 22-19ರಿಂದ ಮಣಿಸಿ ತರನಾಕಿ ಪ್ರಶಸ್ತಿ ಎತ್ತಿದ್ದು ಇದೇ ಮೈದಾನದಲ್ಲಿ.

ಟಿಕೆಟ್ ಕೊಳ್ಳುವಾಗ ಹುಲ್ಲಿನ ದಿಬ್ಬದ ಜಾಗವನ್ನೇ ಆರಿಸಿಕೊಳ್ಳಿ. ಜನರ ಉಸಿರು ಕೇಳುವುದು ಅಲ್ಲಿ. ಇದು ಹೈನುಗಾರಿಕೆಯ ನಾಡು, ಹಾಗಾಗಿ ಪ್ರೇಕ್ಷಕರು ಹಸುವಿನ ಗಂಟೆ ಹಿಡಿದು ಬರುತ್ತಾರೆ. ನನ್ನ ಪಕ್ಕದಲ್ಲಿದ್ದ ಅಜ್ಜಿ ಗಂಟೆಯ ನಾಲಿಗೆಗೆ ಹಳದಿ ಬಟ್ಟೆ ಸುತ್ತಿಕೊಂಡು ಕಾದಿದ್ದರು. ತರನಾಕಿ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿ ಪಡೆಯುವ ಅಂಕ) ಗಳಿಸಿದ್ದೇ ತಡ, ಬಟ್ಟೆ ಕಿತ್ತೆಸೆದು ಬಾರಿಸಿದ ರಭಸಕ್ಕೆ ನನ್ನ ಕಿವಿ ಗುಂಯ್ಗುಟ್ಟಿತು. ಹುಲ್ಲು ಒದ್ದೆಯಿರುತ್ತದೆ, ಕಡಲ ಗಾಳಿ ಕೊರೆಯುತ್ತದೆ. ಕೂರಲು ಪ್ಲಾಸ್ಟಿಕ್ ಹಾಳೆ, ಮೈಗೆ ರೇನ್‌ಕೋಟ್ ಇರಲಿ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಆಟ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಪುಕೆಕುರಾ ಪಾರ್ಕ್‌ಗೆ ಹೋಗಿ. ಮೆಟ್ಟಿಲು ಮೆಟ್ಟಿಲಾದ ಹಸಿರು ದಿಬ್ಬಗಳ ನಡುವಿನ ಈ ಕ್ರಿಕೆಟ್ ಅಂಗಳದಲ್ಲೇ 1992ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆಯ 312 ರನ್‌ಗಳನ್ನು ಶ್ರೀಲಂಕಾ ಬೆನ್ನಟ್ಟಿ ಗೆದ್ದಿತ್ತು.