ಎಲೆಕ್ಟ್ರಿಕ್ ಗಿಟಾರ್‌ಗೆ ಯಾವ ಕೇಬಲ್ ತಗೊಳ್ಳಬೇಕು?

ಹೊಸದಾಗಿ ಎಲೆಕ್ಟ್ರಿಕ್ ಗಿಟಾರ್ ಕೊಂಡವರೆಲ್ಲ ಕೇಳುವುದು ಇದನ್ನೇ: ಕೇಬಲ್‌ಗೆ ಎಷ್ಟು ದುಡ್ಡು ಹಾಕಬೇಕು, ದುಬಾರಿಯದು ತಂದರೆ ಸೌಂಡ್ ಚೆನ್ನಾಗುತ್ತದಾ? ಬೆಲೆ ಆಮೇಲೆ. ಮೊದಲು ಉದ್ದ ನೋಡಿ, ನಂತರ ಪ್ಲಗ್ ಬಿಚ್ಚಲು ಬರುತ್ತದೆಯೇ ನೋಡಿ.

ಅದಕ್ಕೂ ಮುಂಚೆ ಕೇಬಲ್‌ನ ಜಾತಿ ಸರಿಯಿರಬೇಕು. ಗಿಟಾರ್‌ನಿಂದ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಬೇಕಾದದ್ದು ಇನ್‌ಸ್ಟ್ರುಮೆಂಟ್ ಕೇಬಲ್: ನಡುವೆ ಒಂದು ತಂತಿ, ಸುತ್ತ ಶೀಲ್ಡ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ), ಎರಡೂ ತುದಿಗೆ 6.35 ಮಿ.ಮೀ. ಮೋನೊ ಪ್ಲಗ್. ಆಂಪ್ ಹೆಡ್‌ನಿಂದ (ಸ್ಪೀಕರ್ ಇಲ್ಲದ ಆಂಪ್‌ನಿಂದ) ಕ್ಯಾಬಿನೆಟ್‌ಗೆ, ಅಂದರೆ ಸ್ಪೀಕರ್ ಪೆಟ್ಟಿಗೆಗೆ ಹೋಗುವ ಸ್ಪೀಕರ್ ಕೇಬಲ್‌ಗೂ ಎಷ್ಟೋ ಸಲ ಇದೇ ಪ್ಲಗ್ ಇರುವುದರಿಂದ ಅದಲುಬದಲಾಗುತ್ತದೆ. ಸ್ಪೀಕರ್ ಕೇಬಲ್‌ಗೆ ಶೀಲ್ಡ್ ಇಲ್ಲ. ಗಿಟಾರ್‌ಗೆ ಹಾಕಿದರೆ ಗುಂಯ್‌ಗುಡುತ್ತದೆ, ಅಷ್ಟೆ. ಉಲ್ಟಾ ಮಾಡಿ ಸ್ಪೀಕರ್‌ಗೆ ಇನ್‌ಸ್ಟ್ರುಮೆಂಟ್ ಕೇಬಲ್ ಹಾಕಿದರೆ ಮಾತ್ರ ಅಪಾಯ. ತೆಳು ತಂತಿ ಬಿಸಿಯಾಗಿ ಕೈಕೊಟ್ಟರೆ ಟ್ಯೂಬ್ ಆಂಪ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು.

ಉದ್ದಕ್ಕೆ ಯಾಕಿಷ್ಟು ಮಹತ್ವ? ಕೇಬಲ್ ಎಂದರೆ ಒಂದು ಸಣ್ಣ ಕೆಪಾಸಿಟರ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಸಾಧನ). ಸಾಧಾರಣ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಪಿಕಪ್‌ನ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಗಿಟಾರ್ ಭಾಗದ) ಸುರುಳಿಯ ಜೊತೆ ಸೇರಿ ಇದು ಒಂದು ಫ್ರೀಕ್ವೆನ್ಸಿಯನ್ನು ಎತ್ತಿ ಹಿಡಿಯುತ್ತದೆ, ಅದರ ಮೇಲಿನದನ್ನೆಲ್ಲ ಇಳಿಸುತ್ತದೆ. 2.5 ಹೆನ್ರಿಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ 3 ಮೀಟರ್ ಕೇಬಲ್ ಹಾಕಿದರೆ ಆ ಜಾಗ ಸುಮಾರು 5 ಕಿಲೊಹರ್ಟ್ಸ್. 9 ಮೀಟರ್ ಆದರೆ 3.2ರ ಹತ್ತಿರಕ್ಕೆ ಇಳಿಯುತ್ತದೆ. ತಂತಿ ಮೀಟುವಾಗಿನ ಹೊಳಪು ಹೋಗಿ ಸ್ವರ ಮಂಕಾಗುವುದು ಇದರಿಂದಲೇ. ಗಿಟಾರ್‌ನ ವಾಲ್ಯೂಮ್ ಸ್ವಲ್ಪ ಇಳಿಸಿದಾಗ ಇದು ಇನ್ನೂ ಎದ್ದು ಕಾಣುತ್ತದೆ. ಆಕ್ಟಿವ್ ಪಿಕಪ್ (ಬ್ಯಾಟರಿಯಿಂದ ನಡೆಯುವಂಥದ್ದು) ಇರುವವರಿಗೆ ಈ ಚಿಂತೆ ಇಲ್ಲ. ಉಳಿದವರಿಗೆ ಮನೆಯಲ್ಲಿ 3 ಮೀಟರ್, ವೇದಿಕೆಗೆ 6 ಮೀಟರ್ ಸಾಕು. ಅದಕ್ಕಿಂತ ದೂರ ಹೋಗಬೇಕಿದ್ದರೆ ದುಬಾರಿ ಕೇಬಲ್ ಬೇಡ, ಮೊದಲ ಕೇಬಲ್ ಮುಗಿಯುವಲ್ಲಿ ಒಂದು ಬಫರ್ ಪೆಡಲ್ ಇಡಿ; ಮುಂದಿನ ಉದ್ದದ ಕೇಬಲ್‌ನಿಂದ ಸ್ವರ ಮಂಕಾಗದಂತೆ ಅದು ಸಿಗ್ನಲ್‌ಗೆ ಬಲ ಕೊಡುತ್ತದೆ.

ಚಿನ್ನದ ಲೇಪನದಿಂದ ಸೌಂಡ್ ಬದಲಾಗುವುದಿಲ್ಲ. ಮಂಗಳೂರಿನಂಥ ಉಪ್ಪುಗಾಳಿಯ ಊರಲ್ಲಿ ಕಿಲುಬು ತಡೆಯುತ್ತದೆ, ಆ ಉಪಯೋಗ ನಿಜ. ಸ್ಟ್ರ್ಯಾಟ್ (ಸ್ಟ್ರ್ಯಾಟೊಕಾಸ್ಟರ್) ಮಾದರಿಯ ಗಿಟಾರ್‌ನ ಗುಳಿಬಿದ್ದ ಜ್ಯಾಕ್‌ಗೆ, ಅಂದರೆ ಪ್ಲಗ್ ತೂರಿಸುವ ತೂತಿಗೆ, ನೇರ ಪ್ಲಗ್ಗೇ ಬೇಕು. ಲೆಸ್ ಪಾಲ್ ಮಾದರಿಯ ಗಿಟಾರ್‌ನಂತೆ ಪಕ್ಕದಲ್ಲಿ ಜ್ಯಾಕ್ ಇದ್ದರೆ ಎಲ್ ಆಕಾರದ್ದು ಒಳ್ಳೆಯದು, ಒದೆತಕ್ಕೆ ಸಿಕ್ಕಿ ಮುರಿಯುವುದಿಲ್ಲ.

ಅಚ್ಚು ಹಾಕಿದ, ಬಿಚ್ಚಲು ಬಾರದ ಪ್ಲಗ್ ಬೇಡವೇ ಬೇಡ. ಕೇಬಲ್ ಕಡಿಯುವುದು ಹೆಚ್ಚಾಗಿ ಪ್ಲಗ್‌ನಿಂದ ನಾಲ್ಕೈದು ಸೆಂಟಿಮೀಟರ್ ಒಳಗೆ. ಸ್ಕ್ರೂ ತಿರುಗಿಸಿ ಬಿಚ್ಚುವ ನ್ಯೂಟ್ರಿಕ್ ಅಥವಾ ಸ್ವಿಚ್‌ಕ್ರಾಫ್ಟ್ ಪ್ಲಗ್ ಆದರೆ ಆ ತುಂಡು ಕತ್ತರಿಸಿ ಮತ್ತೆ ಬೆಸುಗೆ ಹಾಕಬಹುದು. ಪ್ಲಗ್, ಮೀಟರ್ ಲೆಕ್ಕದ ಕೇಬಲ್ ತಂದು ನೀವೇ ಕಟ್ಟುವುದಾದರೆ ಒಂದು ಎಚ್ಚರ: ಬಹಳಷ್ಟು ಕೇಬಲ್‌ಗಳಲ್ಲಿ ಶೀಲ್ಡ್‌ನ ಕೆಳಗೆ ಕಪ್ಪು ಪ್ಲಾಸ್ಟಿಕ್ ಪದರ ಇರುತ್ತದೆ. ಕೇಬಲ್ ತುಳಿದಾಗ ಬರುವ ಗರಗರ ತಡೆಯಲೆಂದೇ ಅದು, ಮತ್ತು ಅದರಲ್ಲಿ ವಿದ್ಯುತ್ ಹರಿಯುತ್ತದೆ. ನಡುವಿನ ತಂತಿಯ ಬೆಸುಗೆಗೆ ಅದು ತಾಗಿದರೆ ಸಿಗ್ನಲ್ ಸೋರಿ ಸದ್ದು ಕುಂದುತ್ತದೆ. ಬೆಸುಗೆಯಿಂದ 5 ಮಿ.ಮೀ. ಹಿಂದಕ್ಕೆ ಅದನ್ನು ಪೂರ್ತಿ ಸುಲಿಯಿರಿ. ಆಮೇಲೆ ಮಲ್ಟಿಮೀಟರ್ ಹಿಡಿಯಿರಿ: ಟಿಪ್‌ನಿಂದ (ಪ್ಲಗ್‌ನ ತುದಿಯಿಂದ) ಟಿಪ್‌ಗೆ ಬೀಪ್ ಬರಬೇಕು, ಸ್ಲೀವ್‌ನಿಂದ (ಅದರ ಹಿಂದಿನ ಉದ್ದ ಲೋಹದ ಭಾಗದಿಂದ) ಸ್ಲೀವ್‌ಗೆ ಬರಬೇಕು, ಟಿಪ್‌ಗೂ ಸ್ಲೀವ್‌ಗೂ ನಡುವೆ ಬರಬಾರದು. ಪ್ಲಗ್‌ನ ಬುಡ ಅಲ್ಲಾಡಿಸುತ್ತಲೇ ನೋಡಿ; ಸುಮ್ಮನೆ ಇಟ್ಟು ನೋಡಿದರೆ ಅರೆಬರೆ ಕಡಿದದ್ದು ಗೊತ್ತಾಗುವುದಿಲ್ಲ.