ಹಲಗೆ ಕಾಲುವೆಯ ಸವಾರಿ

ಅಮೆರಿಕದ ನೆವಾಡಾದ ಬೆಳ್ಳಿ ಗಣಿಗಳಿಗೆ ಮರ ಬೇಕಿತ್ತು. ಮರ ಇದ್ದದ್ದು ದೂರದ ಬೆಟ್ಟದ ಮೇಲೆ. ಹಲಗೆಗಳನ್ನು ‘ವಿ’ ಆಕಾರದಲ್ಲಿ ಜೋಡಿಸಿ, ಮೈಲಿಗಟ್ಟಲೆ ಕಾಲುವೆ ಕಟ್ಟಿ ನೀರು ಬಿಟ್ಟರು. ದಿಮ್ಮಿ ಸಿಕ್ಕಿಕೊಂಡರೆ ಹಿಂದೆ ನೀರು ತುಂಬಿ, ಅದೇ ಎತ್ತಿ ತಳ್ಳುತ್ತಿತ್ತು. ಎಂಥ ತಲೆ ಅಲ್ವಾ!

1875ರಲ್ಲಿ ಗಣಿ ಮಾಲೀಕರಾದ ಜೇಮ್ಸ್ ಫೇರ್, ಜೇಮ್ಸ್ ಫ್ಲಡ್ ಒಬ್ಬ ಪತ್ರಕರ್ತನ ಜೊತೆ ಇದರೊಳಗೇ ಜಾರಿ ಬಂದರು. ದೋಣಿ ಅಂದರೆ ಹಂದಿಗೆ ಮೇವು ಹಾಕುವ ತೊಟ್ಟಿಯಂಥದ್ದು. 15 ಮೈಲಿಗೆ ಸುಮಾರು ಅರ್ಧ ಗಂಟೆ! ಇಡೀ ಗಣಿ ಬರೆದುಕೊಟ್ಟರೂ ಇನ್ನೊಮ್ಮೆ ಹತ್ತಲ್ಲ ಅಂದನಂತೆ ಫ್ಲಡ್.

ನಗು ಬಂತು. ಆದರೆ ಆ ಗಣಿಗಳಿಗಾಗಿ ತಾಹೋ ಸರೋವರದ ಸುತ್ತಲಿನ ಗುಡ್ಡಗಳೂ ಬೋಳಾದವು. ಸವಾರಿಯ ಕತೆಯನ್ನು ಎಲ್ಲರೂ ಹೇಳುತ್ತಾರೆ, ಇದನ್ನು ಹೇಳುವವರು ಕಡಿಮೆ.